ಒಂದು ಕಥೆ, ಇಬ್ಬರು ಬರೆದುದು

ಕನ್ನಡದಲ್ಲಿ ಕಥೆಯನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ, ಕ್ರಿಯಾಪದವು ಒಂದೇ. ಸಂಸ್ಕೃತದ ಲಿಖ್ ಧಾತುವಿಗೂ ಈ ಎರಡು ಅರ್ಥಗಳುಂಟು. ಭಾಷೆಯು ಹೀಗೆ ಒಂದಾಗಿ ಕಂಡುದನ್ನು ಅಚ್ಚುಕೂಟವು ಎರಡಾಗಿ ಮಾಡಿತು. ಮಕ್ಕಳ ಕಥೆಯೊಂದು ಸಚಿತ್ರವಾಗಿ ಹೊರಬರಬೇಕಾದರೆ ಮಾತು ಬರೆಯುವವನೊಬ್ಬನು, ಚಿತ್ರ ಬರೆಯುವವನು ಮತ್ತೊಬ್ಬನು. ಅದೇ ಕಥೆಯು ಗೀತನಾಟಕವಾಗಿ ರಂಗವನ್ನೇರುವುದಾದರೆ ನಾಟಕರೂಪಕ್ಕೆ ತರುವವನು, ಹಾಡಿಗೆ ರಾಗ ಕೂಡಿಸುವವನು ಎಂದು ಇನ್ನಿಬ್ಬರು ಬಂದು ಸೇರುತ್ತಾರೆ. ಇಷ್ಟು ಕೈಗಳು ಕೂಡಿದ ಮೇಲೆಯೂ ಕೃತಿಯು ಒಂದೇ ಕೃತಿಯಾಗಿ ನಿಲ್ಲುವುದು ಹೇಗೆಂಬುದು ವಿಚಾರಾರ್ಹವಾದ ವಿಷಯ.

ಈ ಪ್ರಶ್ನೆಯು ನಮ್ಮವರಿಗೆ ಹೊಸದಲ್ಲ. ವಿಷ್ಣುಧರ್ಮೋತ್ತರಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸನು ಮಾರ್ಕಂಡೇಯ ಮುನಿಯ ಬಳಿಗೆ ಹೋಗಿ, ಪ್ರತಿಮೆಯನ್ನು ಮಾಡುವ ಬಗೆಯನ್ನು ತಿಳಿಸಬೇಕೆಂದು ಬೇಡುತ್ತಾನೆ. ಚಿತ್ರಸೂತ್ರವನ್ನು ಅರಿಯದವನಿಗೆ ಪ್ರತಿಮಾಲಕ್ಷಣವು ತಿಳಿಯದೆಂದು ಮುನಿಯು ಹೇಳುತ್ತಾನೆ. ಹಾಗಾದರೆ ಚಿತ್ರಸೂತ್ರವನ್ನೇ ಹೇಳಿರೆಂದರೆ, ಅದಕ್ಕೆ ನೃತ್ತಶಾಸ್ತ್ರವು ಬೇಕು. ನೃತ್ತಕ್ಕೆ ವಾದ್ಯವು ಬೇಕು. ವಾದ್ಯಕ್ಕೆ ಗೀತವು ಬೇಕು. ಕಲ್ಲು ಕಡೆಯುವುದನ್ನು ಕಲಿಯಲು ಬಂದ ಅರಸನು ಹಾಡಿನಿಂದ ಮೊದಲುಮಾಡಬೇಕಾಯಿತು! ಕಲೆಗಳೆಲ್ಲವೂ ಒಂದರೊಡನೊಂದು ಹೆಣೆದುಕೊಂಡಿವೆಯೆಂಬುದು ಇದರ ತಾತ್ಪರ್ಯ. ಆದರೆ ಪುರಾಣದಲ್ಲಿ ಕಲಿಯುವವನು ಒಬ್ಬನೇ. ಒಬ್ಬನ ತಲೆಯಲ್ಲಿ ನಾಲ್ಕು ಕಲೆಗಳು ಕೂಡುವುದು ಬೇರೆ. ನಾಲ್ಕು ತಲೆಗಳು ಒಂದು ಕೃತಿಯಲ್ಲಿ ಕೂಡುವುದು ಬೇರೆ. ಎರಡನೆಯದಕ್ಕೆ ಆಂಗ್ಲದೇಶದ ಆಲಿಸಳ ಕಥೆಗಿಂತ ಒಳ್ಳೆಯ ದೃಷ್ಟಾಂತವು ಸಿಕ್ಕುವುದು ಅಪರೂಪ. ಅದರ ಇತಿಹಾಸದಲ್ಲಿ ಸಚಿತ್ರಪುಸ್ತಕವೂ ಉಂಟು, ಗೀತನಾಟಕವೂ ಉಂಟು. ಒಂದರಲ್ಲಿ ಜೊತೆಗಾರಿಕೆಯು ಪೂರ್ಣವಾಗಿ ಫಲಿಸಿತು, ಇನ್ನೊಂದರಲ್ಲಿ ಅರ್ಧ ಮಾತ್ರ.

ಆಕ್ಸ್‌ಫರ್ಡಿನಲ್ಲಿ ಗಣಿತಾಧ್ಯಾಪಕನಾಗಿದ್ದ ಚಾರ್ಲ್ಸ್ ಡಾಜ್‌ಸನ್ನನು, ಎಂದರೆ ಲೂಯಿಸ್ ಕ್ಯಾರಲನು, 1862ನೆಯ ಜುಲೈ 4ರಂದು ದೋಣಿಯಲ್ಲಿ ಮೂವರು ಹುಡುಗಿಯರಿಗೆ ಈ ಕಥೆಯನ್ನು ಬಾಯಿಗೆ ಬಂದಂತೆ ಹೇಳಿದನು. ಅವರಲ್ಲಿ ನಡುವಿನವಳಾದ ಆಲಿಸಳು ಬರೆದುಕೊಡಬೇಕೆಂದು ಹಟಹಿಡಿದುದರಿಂದ ತನ್ನ ಕೈಯಲ್ಲೇ ಬರೆದು, 37 ಚಿತ್ರಗಳನ್ನೂ ತಾನೇ ಹಾಕಿ, 1864ನೆಯ ನವೆಂಬರಿನಲ್ಲಿ ಅವಳಿಗೆ ಕೊಟ್ಟನು. ಆ ಚಿತ್ರಗಳಲ್ಲಿ ಒಂದು ವಿಚಿತ್ರವಾದ ಬಲವುಂಟು. ಆದರೆ ಕೈಗೆ ಶಿಕ್ಷಣವಿಲ್ಲ. ಅದು ಅವನಿಗೂ ತಿಳಿದಿತ್ತು. ಅಚ್ಚುಹಾಕಿಸುವ ವೇಳೆಗೆ ‘ಪಂಚ್’ ಪತ್ರಿಕೆಯ ಪ್ರಸಿದ್ಧ ಚಿತ್ರಕಾರನಾದ ಜಾನ್ ಟೆನಿಯೆಲನನ್ನು ಗೊತ್ತುಮಾಡಿಕೊಂಡನು. ತನ್ನ ಚಿತ್ರಗಳ ಮೇಲಿನ ಮೋಹವನ್ನು ಬಿಟ್ಟುದೇ ಈ ಜೊತೆಗಾರಿಕೆಯ ಮೊದಲನೆಯ ತ್ಯಾಗ. ಕರ್ತೃಗಳಲ್ಲಿ ಇದು ಸುಲಭವಾಗಿ ಕಾಣುವ ಗುಣವಲ್ಲ.

ಪುಸ್ತಕದ ಖರ್ಚೆಲ್ಲವೂ ಕ್ಯಾರಲನದೇ. ಮ್ಯಾಕ್‌ಮಿಲನ್ ಸಂಸ್ಥೆಯವರು ದಲ್ಲಾಳಿಯ ಹಣಕ್ಕೆ ಪ್ರಕಟಿಸುವವರು ಮಾತ್ರ. 1865ರಲ್ಲಿ 2000 ಪ್ರತಿಗಳು ಅಚ್ಚಾದುವು. ಟೆನಿಯೆಲನು ನೋಡಿ, ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದನು. ಅಷ್ಟಕ್ಕೇ ಕ್ಯಾರಲನು ಆ ಮುದ್ರಣವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು, ಬೇರೊಂದು ಅಚ್ಚುಕೂಟದಲ್ಲಿ ಮೊದಲಿನಿಂದ ಮಾಡಿಸಿದನು. ಸಂಬಳದ ಅಧ್ಯಾಪಕನು ಕೈಯಿಂದ ಹಣ ಹಾಕಿ ಮಾಡಿಸಿದ ಪುಸ್ತಕವನ್ನು ಇನ್ನೊಬ್ಬನ ಒಂದು ಮಾತಿಗಾಗಿ ಬಿಸಾಡಿದನೆಂದರೆ, ಚಿತ್ರವು ಅವನಿಗೆ ಅಲಂಕಾರವಾಗಿರಲಿಲ್ಲ, ಕಾವ್ಯದ ಶರೀರವೇ ಆಗಿತ್ತೆಂದು ತಿಳಿಯಬೇಕು.

ಹಾಗೆಂದು ಪುಸ್ತಕವೇ ಸಾಕ್ಷಿ ಹೇಳುತ್ತದೆ. ಆಲಿಸಳ ಮುಖವನ್ನಾಗಲಿ ಉಡುಪನ್ನಾಗಲಿ ಕಥೆಯು ಬಣ್ಣಿಸಲು ಹೋಗುವುದಿಲ್ಲ. ಅಷ್ಟಾದಶವರ್ಣನೆಗಳಲ್ಲಿ ಬೆಳೆದ ನಮ್ಮ ಪಂಡಿತರಿಗೆ ಇದು ಬಡತನವೆಂದು ತೋರಬಹುದು. ನಿಜವಾಗಿ ಇದು ಜೊತೆಗಾರನಿಗಾಗಿ ಬಿಟ್ಟುಕೊಟ್ಟ ಎಡೆ. ಹದ್ದಿನ ತಲೆಯೂ ಸಿಂಹದ ಒಡಲೂ ಉಳ್ಳ ಗ್ರಿಫನ್ ಎಂಬ ಮೃಗವು (ನಮ್ಮ ದೇವಾಲಯಗಳ ಯಾಳಿಯ ಬಳಗದ್ದು) ಬಂದಾಗ, ಅದೇನೆಂದು ತಿಳಿಯದವರು ಚಿತ್ರವನ್ನು ನೋಡಿಕೊಳ್ಳಲೆಂದು ಕವಿಯು ಕೈತೊಳೆದುಕೊಂಡುಬಿಡುತ್ತಾನೆ. ಚೆಷರ್ ಬೆಕ್ಕು ಮರದ ಮೇಲೆ ಕುಳಿತ ಚಿತ್ರವನ್ನು ನೋಡಿ ಹಾಳೆಯನ್ನು ತಿರುವಿದರೆ, ಅದೇ ಮರದಲ್ಲಿ ಬೆಕ್ಕು ಕರಗುತ್ತ ನಗೆ ಮಾತ್ರ ಉಳಿಯುತ್ತಿರುವ ಚಿತ್ರವಿದೆ. 1871ರ ಎರಡನೆಯ ಪುಸ್ತಕದಲ್ಲಿ ಆಲಿಸಳು ಕನ್ನಡಿಯೊಳಗೆ ಹೊಕ್ಕ ಚಿತ್ರವು ಹಾಳೆಯ ಒಂದು ಮಗ್ಗುಲಲ್ಲಿ, ಆಚೆಗೆ ಹೊರಬರುವ ಚಿತ್ರವು ಅದೇ ಹಾಳೆಯ ಇನ್ನೊಂದು ಮಗ್ಗುಲಲ್ಲಿ. ಓದುವ ಮಗುವಿನ ಬೆರಳು ಹಾಳೆಯನ್ನು ಮಗುಚುವಾಗ ಕಾಗದವೇ ಕನ್ನಡಿಯಾಗುತ್ತದೆ. ಮಾತಿನಿಂದ ಮಾತ್ರವಾಗಲಿ, ಚಿತ್ರದಿಂದ ಮಾತ್ರವಾಗಲಿ ಈ ಚಮತ್ಕಾರವು ಸಾಧ್ಯವಿಲ್ಲ. ಇಬ್ಬರೂ ಕೂಡಿ ಬರೆದುದೆಂದರೆ ಇದು.

ಇವರು ಅನ್ಯೋನ್ಯವಾಗಿದ್ದರೆಂದು ಮಾತ್ರ ಭಾವಿಸಬಾರದು. ಕ್ಯಾರಲನು ಕೂದಲೆಳೆಯಷ್ಟು ತಪ್ಪನ್ನೂ ಸೈರಿಸದವನು. ಟೆನಿಯೆಲನು ಮೊದಲೇ ಹೆಸರಾದವನು, ಯಾರ ಅಪ್ಪಣೆಗೂ ಕಾಯುವವನಲ್ಲ. ಎರಡನೆಯ ಪುಸ್ತಕದಲ್ಲಿ ಕೃತಕಕೇಶವನ್ನು ಧರಿಸಿದ ಮುದಿ ಕಣಜದ ಹುಳುವಿನ ಪ್ರಸಂಗವೊಂದು ಇದ್ದಿತು. 1870ನೆಯ ಜೂನ್ 1ರಂದು ಟೆನಿಯೆಲನು ಕಾಗದ ಬರೆದು, ಇದು ಚಿತ್ರಕಲೆಯ ಅಳವಿಗೆ ಮೀರಿದುದೆಂದೂ, ಪ್ರಸಂಗವೇ ತನಗೆ ರುಚಿಸಲಿಲ್ಲವೆಂದೂ ತಿಳಿಸಿದನು. ರೈಲಿನ ಪ್ರಸಂಗದಲ್ಲಿ ಬಂಡಿಯು ನೆಗೆಯುವಾಗ ಆಲಿಸಳು ಮುದುಕಿಯೊಬ್ಬಳ ಕೂದಲನ್ನು ಹಿಡಿಯುವುದರ ಬದಲು ಹತ್ತಿರದಲ್ಲೇ ಇರುವ ಮೇಕೆಯ ಗಡ್ಡವನ್ನು ಹಿಡಿಯಬಹುದಲ್ಲಾ ಎಂದು ಅದೇ ಕಾಗದದಲ್ಲಿ ಸೂಚಿಸಿದನು. ಚಿತ್ರಕಾರನು ಕವಿಗೆ ಕಥೆಯನ್ನು ತಿದ್ದಿಕೊಡುವುದೆಂದರೇನು! ಆದರೆ ಕಣಜವು ಹೋಯಿತು. ಅಚ್ಚಾದ ಪುಸ್ತಕದಲ್ಲಿ ಆಲಿಸಳ ಕೈಯಲ್ಲಿರುವುದು ಮೇಕೆಯ ಗಡ್ಡವೇ. ಕಳೆದುಹೋಯಿತೆಂದುಕೊಂಡಿದ್ದ ಕಣಜದ ಪ್ರಸಂಗದ ಕರಡಚ್ಚುಗಳು 1974ರಲ್ಲಿ ಲಂಡನ್ನಿನ ಹರಾಜಿಗೆ ಬಂದುವು. 1977ರಲ್ಲಿ ಪ್ರಕಟವೂ ಆದುವು. ಓದಿದವರು ಟೆನಿಯೆಲನ ಪಕ್ಷವನ್ನೇ ಹಿಡಿಯಬೇಕಾಗುತ್ತದೆ. ಗೊಣಗುವ ಮುದುಕನ ಆ ಪ್ರಸಂಗದಲ್ಲಿ ಕರುಣೆಯಿದೆ. ಆದರೆ ಅದಕ್ಕೆ ಮೊದಲೇ ಬರುವ ಬಿಳಿಯ ಕುದುರೆಯ ಸವಾರನಲ್ಲಿ ಅದೇ ಕರುಣೆಯು ನೂರ್ಮಡಿಯಾಗಿ ಬಂದಿದೆ.

ಬೇಡವೆನ್ನುವ ಅಧಿಕಾರವು ಒಬ್ಬನಿಗೇ ಸೇರಿದುದಲ್ಲ. 1876ರ ‘ಸ್ನಾರ್ಕ್ ಬೇಟೆ’ಯೆಂಬ ಹಾಸ್ಯಕಾವ್ಯಕ್ಕೆ ಹೆನ್ರಿ ಹಾಲಿಡೇ ಎಂಬವನು ಚಿತ್ರಗಳನ್ನು ಬರೆದನು. ಕಾವ್ಯದ ಕೊನೆಯಲ್ಲಿ ಬೂಜಮ್ ಎಂಬುದೊಂದು ಕಾಣಿಸುತ್ತದೆ, ಕಂಡವನು ಇಲ್ಲವಾಗುತ್ತಾನೆ. ಹಾಲಿಡೇಯು ಅದರ ಚಿತ್ರವನ್ನೂ ಬರೆದು ತೋರಿಸಿದನು. ಚಿತ್ರವು ಚೆನ್ನಾಗಿದೆಯೆಂದು ಮೆಚ್ಚಿ, ಕ್ಯಾರಲನು ಅದನ್ನು ಸೇರಿಸಲು ಒಪ್ಪಲಿಲ್ಲ; ಊಹೆಗೆ ನಿಲುಕದಿರುವುದೇ ಬೂಜಮಿನ ಲಕ್ಷಣ. ಅಲ್ಲಿ ಚಿತ್ರಕಾರನು ಇದನ್ನು ಬರೆಯಲಾಗದೆಂದನು; ಇಲ್ಲಿ ಕವಿಯು ಇದನ್ನು ಬರೆಯಬಾರದೆಂದನು. ಕ್ಷೇಮೇಂದ್ರನು ಔಚಿತ್ಯವನ್ನು ರಸದ ಜೀವಿತವೆಂದು ಕರೆದನಷ್ಟೆ. ಒಬ್ಬನೇ ಕವಿಯಾದರೆ ಔಚಿತ್ಯವು ಅವನ ಮನಸ್ಸಿನೊಳಗಿನ ತೀರ್ಮಾನ. ಇಬ್ಬರಾದರೆ ಅದು ಕಾಗದದ ಮೇಲೆ, ಕೆಲವೊಮ್ಮೆ ಮನಸ್ತಾಪದೊಡನೆ, ನಡೆಯಬೇಕಾದ ವ್ಯವಹಾರ. ಆ ಮನಸ್ತಾಪಕ್ಕೆ ಅಂಜಿದವರು ಕೂಡಿ ಬರೆಯದಿರುವುದೇ ಲೇಸು.

ಇನ್ನು ರಂಗದ ಕಡೆಗೆ ತಿರುಗಬಹುದು. ಆಲಿಸಳನ್ನು ಹಾಡಿನೊಡನೆ ಆಡಿಸಬೇಕೆಂಬ ಆಸೆಯು ಕ್ಯಾರಲನಿಗೆ ಬಹುಕಾಲದಿಂದ ಇದ್ದಿತು. 1877ರಲ್ಲಿ ಆರ್ಥರ್ ಸಲಿವನ್ನನಂಥ ಸಂಗೀತಗಾರನಿಗೇ ಬರೆದು ಕೇಳಿದನು, ಅದು ಕೈಗೂಡಲಿಲ್ಲ. 1886ರಲ್ಲಿ ಹೆನ್ರಿ ಸ್ಯಾವಿಲ್ ಕ್ಲಾರ್ಕನೆಂಬ ನಾಟಕಕರ್ತನು ತಾನಾಗಿ ಅನುಮತಿಯನ್ನು ಬೇಡಿದನು. ಗ್ರಾಮ್ಯತೆಯ ಸೋಂಕೂ ಇರಕೂಡದೆಂಬುದು ಕ್ಯಾರಲನ ಮುಖ್ಯವಾದ ಕರಾರು. ಎರಡು ಪುಸ್ತಕಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಬೇಕೆಂಬುದೂ, ಹಳೆಯ ಪದ್ಯಗಳ ಅಣಕಗಳಾದ ಹಾಡುಗಳನ್ನು ಆ ಹಳೆಯ ಮಟ್ಟುಗಳಲ್ಲೇ ಹಾಡಬೇಕೆಂಬುದೂ ಅವನ ಅಪೇಕ್ಷೆ. ಎರಡನೆಯದರ ಮರ್ಮವನ್ನು ನಮ್ಮ ಕಂಪೆನಿ ನಾಟಕಗಳನ್ನು ನೋಡಿದವರು ಬಲ್ಲರು. ಹಾಡಿನ ನೆತ್ತಿಯ ಮೇಲೆ ಇಂಥದರ ಧಾಟಿಯೆಂದು ಅಚ್ಚುಮಾಡುತ್ತಿದ್ದರು. ಮಟ್ಟು ಗುರುತಿನದಾದರೆ ಮಾತಿನ ವಕ್ರತೆಯು ಕೂಡಲೇ ಕಿವಿಗೆ ಬೀಳುವುದು. ಅಣಕಕ್ಕೆ ಹೊಸ ರಾಗವನ್ನು ಕಟ್ಟಿದರೆ ಅದು ಅಣಕವಾಗಿ ಉಳಿಯದು.

1886ನೆಯ ಡಿಸೆಂಬರ್ 23ರಂದು ಲಂಡನ್ನಿನ ಪ್ರಿನ್ಸ್ ಆಫ್ ವೇಲ್ಸ್ ನಾಟಕಶಾಲೆಯಲ್ಲಿ, ವಾಲ್ಟರ್ ಸ್ಲಾಟರನ ಸಂಗೀತದೊಡನೆ ನಾಟಕವು ನಡೆಯಿತು. ಕ್ಲಾರ್ಕನು ಎರಡು ಪುಸ್ತಕಗಳನ್ನೂ ಎರಡು ಅಂಕಗಳಲ್ಲಿ ತುಂಬಿಸಿಯೇ ಬಿಟ್ಟಿದ್ದನು. ವೇಷಗಳು ಟೆನಿಯೆಲನ ಚಿತ್ರಗಳನ್ನು ಅನುಸರಿಸಿದುವು. ಜನರು ಮೆಚ್ಚಿದರು, 1888ರಲ್ಲಿ ಮತ್ತೆ ಆಡಿದರು, ಅನಂತರವೂ ಅದು ಕ್ರಿಸ್‌ಮಸ್ ಕಾಲದ ಆಟವಾಗಿ ಬಾಳಿತು. ಕ್ಯಾರಲನು ಸಂತೋಷಪಟ್ಟು, 1887ರಲ್ಲಿ ‘ಥಿಯೇಟರ್’ ಎಂಬ ಪತ್ರಿಕೆಯಲ್ಲಿ ಬಾಲನಟಿಯರನ್ನು ಹೊಗಳಿ ಬರೆದನು.

ಒಂದು ವಿಷಯದಲ್ಲಿ ರಂಗವು ಕವಿಗೆ ನಿಜವಾಗಿಯೂ ಪಾಠ ಹೇಳಿತು. ವಾಲ್ರಸ್ಸೆಂಬ ಕಡಲಮೃಗವೂ ಒಬ್ಬ ಬಡಗಿಯೂ ಸಿಂಪಿಮರಿಗಳನ್ನು ತಿರುಗಾಟಕ್ಕೆಂದು ಕರೆದೊಯ್ದು, ಕಣ್ಣೀರು ಸುರಿಸುತ್ತಲೇ ತಿಂದುಬಿಡುವ ಹಾಡು ಪುಸ್ತಕದಲ್ಲಿದೆ. ಓದುವಾಗ ಅದರ ಕ್ರೌರ್ಯವು ಹಾಸ್ಯದಲ್ಲಿ ಮುಳುಗುತ್ತದೆ. ರಂಗದ ಮೇಲಾದರೋ ಸಿಂಪಿಮರಿಗಳಾಗಿ ಕುಣಿಯುವುದು ಸಣ್ಣ ಮಕ್ಕಳು. ಅವರು ಒಮ್ಮೆಗೇ ಮಾಯವಾದರೆ ನೋಡುವ ಮಕ್ಕಳ ಗಂಟಲು ಬಿಗಿಯದೆ ಇರದು. ಕ್ಯಾರಲನು ನಾಟಕಕ್ಕಾಗಿ ಹೊಸ ಪದ್ಯಗಳನ್ನು ಬರೆದುಕೊಟ್ಟನು. ಸತ್ತ ಸಿಂಪಿಗಳ ಪ್ರೇತಗಳು ಬಂದು, ತಿಂದು ಮಲಗಿದವರ ಎದೆಯ ಮೇಲೆ ತುಳಿದು ಕುಣಿದುವು. ಶ್ರವ್ಯದಲ್ಲಿ ಹಾಸ್ಯವಾಗಿದ್ದುದು ದೃಶ್ಯದಲ್ಲಿ ಕರುಣವಾಗುವುದೆಂದು ಕಂಡು, ಅದನ್ನು ಮತ್ತೆ ಹಾಸ್ಯಕ್ಕೆ ತಿರುಗಿಸಿದ ಈ ಕೆಲಸವು ರಸಜ್ಞನಾದವನದು. ವಧೆಯನ್ನು ರಂಗದ ಮೇಲೆ ತೋರಿಸಲೊಲ್ಲದ ನಮ್ಮ ನಾಟ್ಯಾಚಾರ್ಯರು ಇದನ್ನು ನೋಡಿದ್ದರೆ ತಲೆದೂಗುತ್ತಿದ್ದರು.

ಇಷ್ಟಾದರೂ ನಾಟಕವು ಪುಸ್ತಕದ ಎತ್ತರಕ್ಕೆ ಏರಲಿಲ್ಲ. ಕಾರಣವು ಹಾಡಿನಲ್ಲಿಲ್ಲ, ವೇಷದಲ್ಲಿಲ್ಲ. ಎರಡು ಪುಸ್ತಕಗಳನ್ನು ಒಂದು ರಾತ್ರಿಯ ಆಟದಲ್ಲಿ ಕೂಡಿಸಿದುದರಲ್ಲಿದೆ. ಮೊದಲನೆಯದು ಇಸ್ಪೀಟಿನ ಲೋಕ, ಅಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ; ಎರಡನೆಯದು ಚದುರಂಗದ ಲೋಕ, ಅಲ್ಲಿ ಹೆಜ್ಜೆ ಹೆಜ್ಜೆಗೂ ನಿಯಮ. ಮೊದಲನೆಯದರಲ್ಲಿ ಆಲಿಸಳು ದಾರಿತಪ್ಪಿದವಳು. ಎರಡನೆಯದರಲ್ಲಿ ಪದಾತಿಯಾಗಿ ಹೊರಟು ರಾಣಿಯಾಗಬೇಕೆಂದು ಸಂಕಲ್ಪಿಸಿದವಳು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದರೆ ಸಂಧಿಗಳು ಸಡಿಲಿ, ಆಲಿಸಳು ಒಂದಾದಮೇಲೊಂದು ಬರುವ ವೇಷಗಳನ್ನು ನೋಡುತ್ತ ನಿಂತ ಪ್ರೇಕ್ಷಕಳಾಗುತ್ತಾಳೆ. ಕ್ಯಾರಲನು ಇದನ್ನು ಮೊದಲೇ ಕಂಡಿದ್ದನು, ಬೇಡವೆಂದೂ ಸೂಚಿಸಿದ್ದನು. ಆದರೆ ಕಣಜದ ವಿಷಯದಲ್ಲಿ ಟೆನಿಯೆಲನು ನಿಂತಂತೆ ಗಟ್ಟಿಯಾಗಿ ನಿಲ್ಲಲಿಲ್ಲ. ಗ್ರಾಮ್ಯತೆಯನ್ನು ತಡೆಯಲು ಕರಾರು ಹಾಕಿದವನು ರೂಪಭಂಗವನ್ನು ತಡೆಯಲು ಬರಿಯ ಅಪೇಕ್ಷೆಯನ್ನು ತಿಳಿಸಿ ಸುಮ್ಮನಾದನು. ರಂಗದ ಬಗೆಗೆ ಅವನಿಗಿದ್ದ ಪ್ರೀತಿಯೇ ಅವನ ಕೈಯನ್ನು ಕಟ್ಟಿತೆಂದು ತೋರುತ್ತದೆ.

ನಮ್ಮಲ್ಲಿ ಶಾಲೆಶಾಲೆಗಳಲ್ಲಿ ಆಡುವ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯು ರಾಬರ್ಟ್ ಬ್ರೌನಿಂಗನ ಕವಿತೆಯಿಂದ ಪ್ರೇರಿತವಾದುದು. ಬ್ರೌನಿಂಗನು ಆ ಕವಿತೆಯನ್ನು ಬರೆದುದು 1842ರಲ್ಲಿ, ಮೆಕ್ರೆಡಿಯೆಂಬ ಪ್ರಸಿದ್ಧ ನಟನ ಮಗನಿಗಾಗಿ. ಕಾಯಿಲೆಯಿಂದ ಮಲಗಿದ್ದ ಆ ಹುಡುಗನು ಅದಕ್ಕೆ ಚಿತ್ರ ಬರೆಯುತ್ತ ಹೊತ್ತು ಕಳೆಯಲೆಂದು! ಎಂದರೆ ಚಿತ್ರವನ್ನು ಮನಸ್ಸಿನಲ್ಲಿಟ್ಟೇ ಹುಟ್ಟಿದ ಕವಿತೆಯದು. ಕನ್ನಡಕ್ಕೆ ಬಂದು ಅದು ಕುಣಿತಕ್ಕೂ ಹಾಡಿಗೂ ಒದಗಿತು. ಆದರೆ ಇಂಥ ಆಟಗಳನ್ನು ಕಟ್ಟುವಾಗ ಪದ್ಯವು ಪುಸ್ತಕದಿಂದ, ಪರದೆಯು ಚಿತ್ರದ ಉಪಾಧ್ಯಾಯರಿಂದ, ಮಟ್ಟು ಹಾರ್ಮೋನಿಯಂ ಬಾರಿಸುವವರಿಂದ ಬೇರೆಬೇರೆಯಾಗಿ ಬಂದು, ಆಟದ ಹಿಂದಿನ ಸಂಜೆ ಒಂದೆಡೆ ಕೂಡುವುದೇ ಹೆಚ್ಚು. ಅಲ್ಲಿ ಜಗಳಕ್ಕೆ ಅವಕಾಶವಿಲ್ಲ. ಮೇಕೆಯ ಗಡ್ಡವನ್ನು ಸೂಚಿಸುವುದಕ್ಕೂ ಅವಕಾಶವಿಲ್ಲ.

ಆಲಿಸಳ ಚರಿತ್ರೆಯಲ್ಲಿ ಇನ್ನೊಂದು ಪುಸ್ತಕ ಉಳಿದಿದೆ. ಇನ್ನೂ ಓದಲು ಬಾರದ ಶಿಶುಗಳಿಗೆಂದು ಕ್ಯಾರಲನು 1890ರಲ್ಲಿ ‘ನರ್ಸರಿ ಆಲಿಸ್’ ಎಂಬುದನ್ನು ಹೊರತಂದನು. ಟೆನಿಯೆಲನ 42 ಚಿತ್ರಗಳಲ್ಲಿ 20ನ್ನು ಆರಿಸಿ, ಹಿರಿದುಮಾಡಿ, ಬಣ್ಣ ಹಾಕಿಸಿದ್ದಿತು. ಬಣ್ಣವು ಅತಿಯಾಯಿತೆಂದು ಮೊದಲನೆಯ ಮುದ್ರಣವನ್ನು ಈ ಸಾರಿ ತಾನೇ ತಿರಸ್ಕರಿಸಿದನು. ಅದರೊಳಗಿನ ಮಾತು ಹಳೆಯ ಕಥೆಯ ಮಾತಲ್ಲ. ಚಿತ್ರದಲ್ಲಿ ಇದನ್ನು ನೋಡು, ಅದನ್ನು ನೋಡು ಎಂದು ಮಗುವಿಗೆ ಬೆರಳಿಟ್ಟು ತೋರಿಸುವ ಮಾತು. ತನ್ನ ಕಥೆಗೆ ತಾನೇ ಚಿತ್ರ ಬರೆದು ಮೊದಲುಮಾಡಿದವನು, ಇಪ್ಪತ್ತೈದು ವರ್ಷಗಳ ಮೇಲೆ, ಇನ್ನೊಬ್ಬನ ಚಿತ್ರಗಳನ್ನು ಮೂಲವಾಗಿಟ್ಟುಕೊಂಡು ಅವಕ್ಕೆ ಬಾಲಬೋಧಿನಿಯಾದ ವ್ಯಾಖ್ಯಾನವನ್ನು ಬರೆದನು.