ಒತ್ತಕ್ಷರಕ್ಕೆ ಜಾಗವಿರುವ ನೋಟ್‌ಬುಕ್

ಬರೆದ ಪುಸ್ತಕಕ್ಕೆ ವಿಮರ್ಶೆಯುಂಟು, ಖಾಲಿ ಪುಸ್ತಕಕ್ಕಿಲ್ಲ. ವಿಶಾಖಪಟ್ಟಣದಲ್ಲಿ ಕೆಲಸ, ಆಗಾಗ ವಿಜಯವಾಡಕ್ಕೆ ಓಡಾಟ ಇರುವ ನನಗೆ ಈ ಕೊರತೆ ಸಣ್ಣದೆನಿಸುವುದಿಲ್ಲ. ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಫೋನಿನಲ್ಲಿ ಅದೇ ಊಹಿಸಿ ಕೊಡುವ ಕನ್ನಡ. ಕೈಯಾರೆ ಕನ್ನಡ ಬರೆಯಲು ಉಳಿದಿರುವುದು ನೋಟ್‌ಬುಕ್ ಒಂದೇ. ಅದು ಕಿರಿಕಿರಿ ಮಾಡಿದರೆ ನಿಂತುಹೋಗುವುದು ಆ ಬರವಣಿಗೆ.

ಮೊದಲು ನೋಡಬೇಕಾದ್ದು ಗೆರೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಕೆಳಸಾಲಿನ ಗುಡಿಸು, ತಲೆಕಟ್ಟು ಮೇಲೇರುತ್ತವೆ. ನನ್ನ ಬಳಿಯ ಎರಡು ಪುಸ್ತಕಗಳನ್ನು ಅಳೆದು ನೋಡಿದೆ. ಗೆರೆಗಳ ನಡುವೆ 7 ಮಿ.ಮೀ. ಇರುವುದರಲ್ಲಿ ‘ಜ್ಯೋತ್ಸ್ನೆ’ ಬರೆದರೆ ಒತ್ತು ಕೆಳಸಾಲಿಗೆ ಬಡಿಯುತ್ತದೆ, 9 ಮಿ.ಮೀ. ಇರುವುದರಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಚರ್ಮದ ಹೊದಿಕೆಯಂತೆ ಕಾಣುವ ದುಬಾರಿ ಡೈರಿಗಳ ಗೆರೆ ಹೆಚ್ಚಾಗಿ ರೋಮನ್ ಅಕ್ಷರದ ಅಳತೆಯದು. ತೆಲುಗಿಗೂ ಒತ್ತುಗಳ ಪಾಡು ಇದೇ. ವಿಜಯವಾಡದ ಏಲೂರು ರಸ್ತೆಯ ಅಂಗಡಿಗಳಲ್ಲಿ ಸಿಗುವ ಅಗಲ ಗೆರೆಯ ಲಾಂಗ್ ಬುಕ್ ಎಷ್ಟೋ ಸಲ ಆ ಡೈರಿಗಿಂತ ಮೇಲು.

ಇನ್ನು ಕಾಗದ. ಹೊದಿಕೆಯ ಮೇಲಿನ ಜಿಎಸ್‌ಎಂ ಒಂದು ಚದರ ಮೀಟರ್ ಕಾಗದದ ತೂಕವಷ್ಟೇ. ಶಾಲೆಯ ನೋಟ್‌ಬುಕ್ಕು ಸಾಮಾನ್ಯವಾಗಿ 60ರ ಒಳಗೆ. 70 ದಾಟಿದರೆ ಅಕ್ಷರ ಹಿಂಬದಿಗೆ ಕಾಣುವುದು ಕಡಿಮೆ. ಆದರೆ ಇಂಕು ಹರಡದಂತೆ ತಡೆಯುವುದು ತೂಕವಲ್ಲ, ಕಾಗದದ ಮೈಗೆ ಹಾಕಿದ ಗಂಜಿಯಂಥ ಲೇಪ. ಬಾಲ್‌ಪೆನ್ನಿನವರಿಗೆ ಇದರ ಚಿಂತೆಯಿಲ್ಲ. 1932ರಿಂದ ರಾಜಮಂಡ್ರಿಯಲ್ಲಿ ತಯಾರಾಗುತ್ತಿರುವ ರತ್ನಂ ಪೆನ್ನಿನಂಥ ಇಂಕ್ ಪೆನ್ನು ಹಿಡಿದವರಿಗೆ ಇದೇ ಮುಖ್ಯ. ವಿಶಾಖಪಟ್ಟಣದ ಕಡಲಗಾಳಿಗೆ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ನಡುವಿನ ಪಿನ್ನು ತುಕ್ಕು ಹಿಡಿಯುತ್ತದೆ. ಆದ್ದರಿಂದ ಇಲ್ಲಿಗೆ ದಾರದ ಹೊಲಿಗೆಯೇ ಸರಿ. ಬಿಚ್ಚಿದರೆ ಮಟ್ಟವಾಗಿಯೂ ಮಲಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಹೊದಿಕೆಯಲ್ಲಿ ಪುಟ, ಅಳತೆ, ಬೆಲೆ ಎಲ್ಲ ಇರುತ್ತದೆ. ಗೆರೆಯ ಅಂತರ ಇರುವುದಿಲ್ಲ, ಕಾಗದ ಯಾವ ಗಿರಣಿಯದು ಎಂಬುದೂ ಸಾಮಾನ್ಯವಾಗಿ ಇರುವುದಿಲ್ಲ. ಈ ಎರಡು ಊರುಗಳ ನಡುವೆ ರೈಲು ಗೋದಾವರಿ ದಾಟುವ ರಾಜಮಂಡ್ರಿಯಲ್ಲೇ ಆಂಧ್ರ ಪೇಪರ್ ಗಿರಣಿಯಿದೆ. ಸುಬಾಬುಲ್, ಸರ್ವೆ ಮರಗಳಿಂದ ಅಲ್ಲಿ ಕಾಗದವಾಗುತ್ತದೆ. 2019ರಿಂದ ಅದು ನಮ್ಮ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕೈಯಲ್ಲಿದೆ. ನಾವು ಬರೆಯುವ ಹಾಳೆ ಅಲ್ಲಿಯದೋ ಅಲ್ಲವೋ, ಪುಸ್ತಕ ಹೇಳುವುದಿಲ್ಲ.

ಹಾಗಾಗಿ ಹೊದಿಕೆಯನ್ನು ನಂಬದೆ ಹಾಳೆಯನ್ನೇ ಕೇಳಿ. ಡಜನ್ ಕೊಳ್ಳುವ ಮೊದಲು ಒಂದನ್ನು ಕೊಂಡು, ಕೊನೆಯ ಪುಟದಲ್ಲಿ ನಿಮ್ಮದೇ ಪೆನ್ನಿನಿಂದ ಜ್ಯೋತ್ಸ್ನೆ, ರಾಷ್ಟ್ರ, ಸ್ತ್ರೀ ಎಂದು ಒಂದರ ಕೆಳಗೊಂದು ಬರೆಯಿರಿ. ಹಾಳೆ ತಿರುಗಿಸಿ ನೋಡಿ. ಮೂರೂ ಒಂದಕ್ಕೊಂದು ತಾಗದೆ, ಹಿಂಬದಿಗೆ ಇಳಿಯದೆ ನಿಂತರೆ ಆ ಪುಸ್ತಕ ಕನ್ನಡಕ್ಕೆ ಆಗುತ್ತದೆ.