ಬೆರಗು ಕಳೆದುಕೊಂಡ ಉದ್ಯಾನ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟ ಬಸ್ಸಿನಲ್ಲಿ ನೀವೊಮ್ಮೆಯಾದರೂ ಪ್ರಯಾಣ ಮಾಡಿರಬಹುದು. ಹಂಗಳ ಕಳೆದು, ಮೇಲುಕಾಮನಹಳ್ಳಿಯ ತಪಾಸಣಾ ಠಾಣೆಯನ್ನು ದಾಟಿದೊಡನೆ ಬಸ್ಸಿನೊಳಗಿನ ಮಾತುಕತೆ ತಾನಾಗಿಯೇ ತಗ್ಗುತ್ತದೆ. ಯಾರೂ ಸುಮ್ಮನಿರಿ ಎಂದು ಹೇಳಿರುವುದಿಲ್ಲ. ಆದರೂ ಎಲ್ಲರ ಕಣ್ಣುಗಳು ಕಿಟಕಿಯಾಚೆಗೆ ಹೊರಳಿರುತ್ತವೆ. ಬಹಳಷ್ಟು ಸಲ ಕಾಣುವುದು ಮೇಯುತ್ತಿರುವ ಜಿಂಕೆಗಳ ಹಿಂಡು, ರಸ್ತೆಯಂಚಿನ ಮಂಗಗಳು, ಅಷ್ಟೇ. ಆನೆಯಾಗಲಿ ಹುಲಿಯಾಗಲಿ ಕಾಣಿಸಿಕೊಳ್ಳುವುದು ಅಪರೂಪ. ಹಾಗಿದ್ದೂ ಆ ಮೌನ ಮುರಿಯುವುದಿಲ್ಲ. ಕಂಡ ಪ್ರಾಣಿಗಿಂತ ಕಾಣದ ಪ್ರಾಣಿಯೇ ನಮ್ಮ ಮನಸ್ಸನ್ನು ಹೆಚ್ಚು ತುಂಬಿಕೊಂಡಿರುತ್ತದೆ.

ಈ ಅನುಭವದ ಗುಟ್ಟನ್ನು ಚೆನ್ನಾಗಿ ಅರಿತಿದ್ದ ಚಲನಚಿತ್ರವೊಂದು 1993ರಲ್ಲಿ ತೆರೆಗೆ ಬಂದಿತು. ಅದು ಮೈಕೇಲ್ ಕ್ರೈಟನ್ 1990ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಸ್ಟೀವನ್ ಸ್ಪಿಲ್‌ಬರ್ಗ್ ನಿರ್ದೇಶಿಸಿದ ‘ಜುರಾಸಿಕ್ ಪಾರ್ಕ್’. ಆರೂವರೆ ಕೋಟಿ ವರ್ಷಗಳ ಹಿಂದೆ ಅಳಿದುಹೋದ ಡೈನೋಸಾರ್‌ಗಳನ್ನು ವಿಜ್ಞಾನದ ಬಲದಿಂದ ಮರುಹುಟ್ಟಿಸಿ, ದ್ವೀಪವೊಂದರಲ್ಲಿ ಪ್ರವಾಸಿಗರಿಗೆ ತೋರಿಸಲು ಹೊರಟ ಶ್ರೀಮಂತನ ಕಥೆ ಅದು. ಅಲ್ಲಿಂದ ಇಲ್ಲಿಯವರೆಗೆ, 2025ರ ‘ಜುರಾಸಿಕ್ ವರ್ಲ್ಡ್: ರೀಬರ್ತ್’ ಸೇರಿ, ಈ ಸರಣಿಯಲ್ಲಿ ಒಟ್ಟು ಏಳು ಚಿತ್ರಗಳು ಬಂದಿವೆ. ಮೊದಲನೆಯದನ್ನು ಮೆಚ್ಚಿದವರು ಹೊಸದೊಂದು ಬಂದಾಗಲೆಲ್ಲ ಆಸೆಯಿಂದ ಹೋಗಿ, ನಿರಾಶೆಯಿಂದ ಮರಳಿದ್ದಾರೆ. ಈ ನಿರಾಶೆಗೆ ಕಾರಣವೇನು? ಕಾಡಿನಂಚಿನಲ್ಲಿ ಬಾಳುವ ನಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು ಎಂಬುದು ನನ್ನ ಎಣಿಕೆ.

ನಿರಾಶೆಗೆ ಸುಲಭವಾದ ಉತ್ತರವೊಂದು ಸಿದ್ಧವಾಗಿದೆ. “ನಿಮಗೆ ವಯಸ್ಸಾಯಿತು, ಯೌವನದಲ್ಲಿ ಕಂಡದ್ದೆಲ್ಲ ಚೆನ್ನಾಗಿಯೇ ಕಾಣುತ್ತದೆ” ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಚಾಮರಾಜನಗರದ ನಮ್ಮ ಮನೆಯಲ್ಲಿ ಮಕ್ಕಳೊಡನೆ ಕುಳಿತು ಏಳನೆಯ ಚಿತ್ರವನ್ನು ನೋಡಿದಾಗ, ಅದು ಮುಗಿಯುತ್ತಲೇ ಹತ್ತು ವರ್ಷದ ಮೊಮ್ಮಗ ನನ್ನತ್ತ ತಿರುಗಿ, “ಇಷ್ಟೇಯಾ ತಾತ?” ಎಂದು ಕೇಳಿದ. ಮಾರನೆಯ ಸಂಜೆ ಅವನಿಗೆ ಮೊದಲನೆಯ ಚಿತ್ರವನ್ನು ತೋರಿಸಿದೆ. ಮಳೆ ಸುರಿಯುವ ಕತ್ತಲಲ್ಲಿ ನಿಂತ ಜೀಪಿನ ದೃಶ್ಯ ಬರುವಷ್ಟರಲ್ಲಿ ಅವನು ನನ್ನ ತೋಳನ್ನು ಹಿಡಿದುಕೊಂಡಿದ್ದ. ಅವನು ಹುಟ್ಟುವುದಕ್ಕೆ ಇಪ್ಪತ್ತು ವರ್ಷಕ್ಕೂ ಮೊದಲು ತಯಾರಾದ ಚಿತ್ರ ಅದು. ಅವನಿಗೆ ಹಳೆಯ ನೆನಪುಗಳ ಹಂಗಿರಲಿಲ್ಲ. ಆದ್ದರಿಂದ ದೋಷ ನಮ್ಮ ವಯಸ್ಸಿನಲ್ಲಿಲ್ಲ, ಚಿತ್ರಗಳಲ್ಲಿಯೇ ಇದೆ.

ಆ ಜೀಪಿನ ದೃಶ್ಯವನ್ನು ನೆನಪಿಸಿಕೊಳ್ಳಿ. ವಿದ್ಯುತ್ ನಿಂತುಹೋಗಿದೆ. ಮಕ್ಕಳು ವಾಹನದೊಳಗೆ ಕುಳಿತಿದ್ದಾರೆ. ಮುಂದೆ ಇಟ್ಟ ಲೋಟದ ನೀರಿನಲ್ಲಿ ಒಂದು ಸಣ್ಣ ಉಂಗುರ ಮೂಡುತ್ತದೆ; ಸ್ವಲ್ಪ ಹೊತ್ತಿಗೆ ಇನ್ನೊಂದು. ಬೇಲಿಯಾಚೆ ಕಟ್ಟಿಹಾಕಿದ್ದ ಮೇಕೆ ಈಗ ಅಲ್ಲಿಲ್ಲ. ಟಿರನೋಸಾರಸ್ ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ, ಆದರೆ ನಮ್ಮ ಎದೆ ಆಗಲೇ ನಡುಗುತ್ತಿದೆ. ನಿಮಗೆ ಆಶ್ಚರ್ಯವಾಗಬಹುದು: ಎರಡು ಗಂಟೆಗೂ ಮಿಗಿಲಾದ ಆ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲೆ ಕಾಣುವುದು ಸುಮಾರು 15 ನಿಮಿಷ ಮಾತ್ರ. ಉಳಿದ ಸಮಯವೆಲ್ಲ ಕಾಯುವುದು, ಕೇಳಿಸಿಕೊಳ್ಳುವುದು, ಊಹಿಸುವುದು. ಎತ್ತರದ ಕತ್ತಿನ ಸಸ್ಯಾಹಾರಿ ಪ್ರಾಣಿ ಮೊದಲು ಎದುರಾಗುವಾಗಲೂ ನಿರ್ದೇಶಕರು ಪ್ರಾಣಿಯನ್ನು ತೋರಿಸುವ ಮುನ್ನ ಅದನ್ನು ಕಂಡವರ ಮುಖಗಳನ್ನು ತೋರಿಸುತ್ತಾರೆ. ಬೆರಗು ಎಂಬುದು ಪ್ರಾಣಿಯ ಗಾತ್ರದಲ್ಲಿಲ್ಲ, ಅದನ್ನು ನೋಡುವ ಮನುಷ್ಯನ ಕಣ್ಣಿನಲ್ಲಿದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಆ ದಿನಗಳಲ್ಲಿ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವ ಪದ್ಧತಿ ಇರಲಿಲ್ಲ. ನಮ್ಮ ಕಡೆಯ ಜನ ಅದನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ನೋಡಬೇಕಾಗಿತ್ತು. ಸಂಭಾಷಣೆಯ ಅರ್ಧ ಭಾಗ ನಮಗೆ ತಿಳಿಯಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ. ಲೋಟದ ನೀರು ನಡುಗುವುದಕ್ಕೆ ಅನುವಾದ ಬೇಕೆ? ಅಡಿಗೆಮನೆಯ ಪಾತ್ರೆಗಳ ಮರೆಯಲ್ಲಿ ಉಸಿರು ಬಿಗಿಹಿಡಿದು ಅಡಗಿದ ಮಕ್ಕಳ ಭಯಕ್ಕೆ ಭಾಷೆ ಬೇಕೆ?

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ರಾತ್ರಿ ಅಟ್ಟಣೆಯ ಮೇಲೆ ಕುಳಿತು ರಾಗಿಯನ್ನು ಕಾಯುವ ರೈತರೊಬ್ಬರು ಒಮ್ಮೆ ನನಗೆ ಹೇಳಿದ ಮಾತು ನೆನಪಾಗುತ್ತದೆ: “ಆನ ಬಂದದ ಅನ್ನಾದು ಮೊದ್ಲು ಕಿವಿಗ ಗೊತ್ತಾಯ್ತದ ಕನ ಸ್ವಾಮಿ, ಕಣ್ಣಿಗಲ್ಲ.” ಆ ರೈತರು ‘ಜುರಾಸಿಕ್ ಪಾರ್ಕ್’ ನೋಡಿದವರಲ್ಲ. ಆದರೆ ಆ ಚಿತ್ರದ ಸಾರವನ್ನು ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕನೂ ಹೇಳಲಾರ. ಬೇಲಿಯ ವಿಷಯವೂ ಹಾಗೆಯೇ. ನಮ್ಮಲ್ಲಿ ಆನೆ ಕಂದಕಗಳಿವೆ, ಸೋಲಾರ್ ಬೇಲಿಗಳಿವೆ, ರೈಲು ಕಂಬಿಗಳ ತಡೆಗಳಿವೆ. ಆನೆಯಾದರೋ ಮರವನ್ನು ಉರುಳಿಸಿ ತಂತಿಯನ್ನು ಬೀಳಿಸುತ್ತದೆ. ವಿದ್ಯುತ್ ಹರಿಯದ ತನ್ನ ದಂತದಿಂದ ಅದನ್ನು ಕಿತ್ತುಹಾಕುವುದೂ ಉಂಟು. ಬೇಲಿ ನಮ್ಮ ಭರವಸೆಯೇ ಹೊರತು ಖಾತರಿಯಲ್ಲ ಎಂಬುದು ಇಲ್ಲಿನ ಕೂಸಿಗೂ ಗೊತ್ತು. ಆ ಚಿತ್ರದಲ್ಲಂತೂ ಬೇಲಿಯನ್ನು ಮೊದಲು ಸೋಲಿಸುವುದು ಪ್ರಾಣಿಯ ಬಲವಲ್ಲ. ಹಣದಾಸೆಗೆ ಬಿದ್ದ ನೌಕರನೊಬ್ಬ ಭ್ರೂಣಗಳನ್ನು ಕದ್ದೊಯ್ಯಲು ವಿದ್ಯುತ್ತನ್ನು ನಿಲ್ಲಿಸುತ್ತಾನೆ. ಮನುಷ್ಯನ ಲೋಭವೇ ಬೇಲಿಯನ್ನು ತೆರೆಯುತ್ತದೆ.

ಇನ್ನು ಮುಂದಿನ ಭಾಗಗಳಿಗೆ ಬರೋಣ. 1997ರ ‘ದಿ ಲಾಸ್ಟ್ ವರ್ಲ್ಡ್’ ಸ್ಪಿಲ್‌ಬರ್ಗ್ ಅವರದೇ. ನಮ್ಮ ಚಾಮರಾಜನಗರವು ಜಿಲ್ಲೆಯಾದದ್ದೂ ಅದೇ ವರ್ಷ. ಕೆಲವು ಒಳ್ಳೆಯ ದೃಶ್ಯಗಳಿದ್ದರೂ, ಪ್ರಾಣಿಯನ್ನು ಹಡಗಿನಲ್ಲಿ ತಂದು ಅಮೆರಿಕದ ನಗರದಲ್ಲಿ ಓಡಾಡಿಸುವಷ್ಟರಲ್ಲಿ ಅದರ ಗಾಂಭೀರ್ಯ ಸಡಿಲವಾಗಿತ್ತು. 2001ರ ಮೂರನೆಯ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಲ್ಲಿ ಹೊಸದೊಂದು ದೊಡ್ಡ ಪ್ರಾಣಿಯನ್ನು ತಂದು ಹಳೆಯ ಟಿರನೋಸಾರಸ್ಸನ್ನು ಕೊಲ್ಲಿಸಿದರು.

ನಿಜವಾದ ತಿರುವು 2015ರ ‘ಜುರಾಸಿಕ್ ವರ್ಲ್ಡ್’ ಚಿತ್ರದಲ್ಲಿದೆ. ಇಲ್ಲಿ ಉದ್ಯಾನವು ತೆರೆದು ಜನರಿಂದ ತುಂಬಿದೆ. ನಮ್ಮವರೇ ಆದ ಇರ್ಫಾನ್ ಖಾನ್ ಅದರ ಒಡೆಯನ ಪಾತ್ರವನ್ನು ವಹಿಸಿದ್ದಾರೆ. ಜನರಿಗೆ ಬರಿಯ ಡೈನೋಸಾರ್ ಕಂಡು ಬೇಸರವಾಗಿದೆ, ಇನ್ನೂ ದೊಡ್ಡದು, ಇನ್ನೂ ಭಯಂಕರವಾದುದು ಬೇಕು ಎಂದು ಉದ್ಯಾನದ ಅಧಿಕಾರಿಗಳೇ ಹೇಳುತ್ತಾರೆ. ಅದಕ್ಕಾಗಿ ಪ್ರಯೋಗಾಲಯದಲ್ಲಿ ಹಿಂದೆಂದೂ ಇಲ್ಲದ ಪ್ರಾಣಿಯೊಂದನ್ನು ಕೃತಕವಾಗಿ ಸೃಷ್ಟಿಸುತ್ತಾರೆ. ಚಿತ್ರವು ಈ ದುರಾಸೆಯನ್ನು ಹಾಸ್ಯ ಮಾಡುತ್ತದೆ. ಆದರೆ ಮರುಕ್ಷಣವೇ ಅದೇ ದುರಾಸೆಯನ್ನು ತಣಿಸಲು ಹೊರಡುತ್ತದೆ! ಮೊದಲ ಚಿತ್ರದಲ್ಲಿ ಮಕ್ಕಳ ಉಸಿರನ್ನು ನಿಲ್ಲಿಸಿದ ರ್ಯಾಪ್ಟರ್‌ಗಳು ಇಲ್ಲಿ ಹೆಸರಿಟ್ಟು ಸಾಕಿದ ಬೇಟೆನಾಯಿಗಳಂತೆ ನಾಯಕನ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಓಡುತ್ತವೆ. ಕೈ ಸನ್ನೆಗೆ ನಿಲ್ಲುವ ಪ್ರಾಣಿಯ ಮುಂದೆ ಯಾರ ಎದೆ ನಡುಗೀತು?

ಈ ಚಿತ್ರ ಜಗತ್ತಿನಾದ್ಯಂತ 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ನಿರಾಶರಾದವರೂ ಟಿಕೆಟ್ಟು ಕೊಂಡವರೇ ಎಂಬುದನ್ನು ಮರೆಯಬಾರದು. ಸೋತದ್ದು ವ್ಯಾಪಾರವಲ್ಲ, ಬೆರಗು. ಪ್ರಾಣಿಯನ್ನು ಸರಕಾಗಿ ಮಾಡಿ ಮಾರಬೇಡಿ ಎಂದು ಎಚ್ಚರಿಸಿದ ಕಥೆಯನ್ನೇ ಸರಕಾಗಿ ಮಾಡಿ, ಮತ್ತೆ ಮತ್ತೆ ಬಾಗಿಲು ತೆರೆಯುವ ಉದ್ಯಾನವನ್ನಾಗಿ ಮಾರ್ಪಡಿಸಿದರು. ನನ್ನ ಮಟ್ಟಿಗೆ ನಮ್ಮ ನಿರಾಶೆಯ ಬೇರು ಇರುವುದು ಇಲ್ಲಿ.

ವಿಜ್ಞಾನದ ವಿಷಯದಲ್ಲಿಯೂ ಇಂಥದೇ ಹಿನ್ನಡೆ. 1993ರ ಚಿತ್ರವು ಜ್ಯಾಕ್ ಹಾರ್ನರ್ ಎಂಬ ಪಳೆಯುಳಿಕೆ ತಜ್ಞರ ಸಲಹೆ ಪಡೆದು, ಡೈನೋಸಾರ್‌ಗಳು ಹಕ್ಕಿಗಳ ಬಂಧುಗಳು ಎಂಬ ವಿಜ್ಞಾನಿಗಳ ತಿಳಿವಳಿಕೆಯನ್ನು ಸಾಮಾನ್ಯ ಜನರ ಮನೆಗೆ ತಂದಿತು. ಮೂರೇ ವರ್ಷಗಳ ತರುವಾಯ, 1996ರಲ್ಲಿ, ಚೀನಾದಲ್ಲಿ ಗರಿಯ ಗುರುತುಗಳಿದ್ದ ಡೈನೋಸಾರ್ ಪಳೆಯುಳಿಕೆ ಬೆಳಕಿಗೆ ಬಂದಿತು. ಅಂದಿನಿಂದ ವಿಜ್ಞಾನ ಬಹುದೂರ ಸಾಗಿತು. ಚಿತ್ರಗಳು ಮಾತ್ರ, ಮೂರನೆಯ ಭಾಗದಲ್ಲಿ ಒಂದೆರಡು ಗರಿ ಅಂಟಿಸಿದ್ದನ್ನು ಬಿಟ್ಟರೆ, 2022ರವರೆಗೆ ಹಳೆಯ ಬೋಳು ಚರ್ಮಕ್ಕೇ ಅಂಟಿಕೊಂಡವು. ಜನ ಗುರುತಿಸುವ ರೂಪವನ್ನು ಬದಲಿಸಲು ಅವುಗಳಿಗೆ ಧೈರ್ಯ ಬರಲಿಲ್ಲ.

ನ್ಯಾಯವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. 2018ರ ‘ಫಾಲನ್ ಕಿಂಗ್‌ಡಮ್’ ಚಿತ್ರದಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪ ನಾಶವಾಗುವಾಗ, ಹಡಗು ಹೊರಟುಹೋದ ಮೇಲೆ ದಡದಲ್ಲಿ ಒಂಟಿಯಾಗಿ ಉಳಿದ ಎತ್ತರದ ಪ್ರಾಣಿಯೊಂದು ಹೊಗೆಯಲ್ಲಿ ಮರೆಯಾಗುವ ದೃಶ್ಯವಿದೆ. ಅದನ್ನು ಕಂಡು ಕಣ್ಣು ತುಂಬದವರು ಕಡಿಮೆ. 2025ರ ಚಿತ್ರದಲ್ಲಿಯೂ ಹುಲ್ಲುಗಾವಲಿನ ನಡುವೆ ದೈತ್ಯ ಪ್ರಾಣಿಗಳು ತಲೆಯೆತ್ತುವಾಗ ಕ್ಷಣಕಾಲ ಹಳೆಯ ಬೆರಗು ಮರಳುತ್ತದೆ. ಆದರೆ ಅದೇ ಚಿತ್ರ ಕೊನೆಗೆ ಆರು ಕೈಕಾಲುಗಳ ವಿಕಾರ ಪ್ರಾಣಿಯೊಂದರ ಮೊರೆಹೋಗುತ್ತದೆ. ಸೃಷ್ಟಿಯಲ್ಲಿ ಇದ್ದದ್ದೇ ಸಾಲದೆಂಬ ಅತೃಪ್ತಿ ಅದಕ್ಕೂ ತಪ್ಪಲಿಲ್ಲ.

ನನಗೆ ಅತ್ಯಂತ ನೋವು ತಂದದ್ದು 2022ರ ‘ಡೊಮಿನಿಯನ್’. ಅದರ ಹಿಂದಿನ ಚಿತ್ರದ ಕೊನೆಯಲ್ಲಿ ಡೈನೋಸಾರ್‌ಗಳು ಬೇಲಿಯಿಲ್ಲದೆ ಜನವಸತಿಯ ಲೋಕಕ್ಕೆ ಬಂದುಬಿಟ್ಟಿದ್ದವು. ದೈತ್ಯ ಪ್ರಾಣಿಗಳೊಡನೆ ಮನುಷ್ಯನು ನೆಲವನ್ನು ಹಂಚಿಕೊಂಡು ಬಾಳುವುದು ಹೇಗೆ? ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ಈ ಸರಣಿ ಎತ್ತಿಯೇ ಇರಲಿಲ್ಲ. ಮದ್ದೂರು, ಹಂಗಳದ ಕಡೆಯ ಯಾವ ರೈತಕುಟುಂಬವನ್ನು ಕೇಳಿದ್ದರೂ ಒಂದು ಚಿತ್ರಕ್ಕಾಗುವಷ್ಟು ಕಥೆ ದೊರೆಯುತ್ತಿತ್ತು: ಒಂದೇ ರಾತ್ರಿಯಲ್ಲಿ ತುಳಿದುಹೋದ ಬಾಳೆಯ ತೋಟ, ಪರಿಹಾರದ ಅರ್ಜಿ, ನಿದ್ದೆಗೆಟ್ಟ ಕಣ್ಣು, ಅಷ್ಟಾದರೂ ಆನೆಗೆ ಕೈಮುಗಿಯುವ ಮನಸ್ಸು. ಆದರೆ ಚಿತ್ರವು ಆ ಪ್ರಶ್ನೆಯನ್ನು ಬದಿಗಿಟ್ಟು, ದೈತ್ಯ ಮಿಡತೆಗಳ ಮತ್ತು ಒಂದು ಕಂಪನಿಯ ಪಿತೂರಿಯ ಹಿಂದೆ ಓಡಿತು. ಮೊದಲ ಚಿತ್ರದ ಮೂವರು ನಟರನ್ನು ಮರಳಿ ಕರೆತಂದರೂ ಅವರಿಗೆ ಬೆರಗುಗೊಳ್ಳಲು ಬಿಡುವೇ ಸಿಗಲಿಲ್ಲ. ಕೊನೆಯಲ್ಲಿ ಆನೆಗಳ ಹಿಂಡಿನ ಜೊತೆ ಡೈನೋಸಾರ್‌ಗಳು ಶಾಂತವಾಗಿ ನಡೆಯುವ ಸುಂದರ ಚಿತ್ರವೊಂದನ್ನು ತೋರಿಸಿ ಮುಗಿಸಿದರು. ಸಹಬಾಳ್ವೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲವೆಂದು ಅಟ್ಟಣೆಯ ಮೇಲೆ ರಾತ್ರಿ ಕಳೆದವರು ಬಲ್ಲರು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ನಿಲ್ಲಿಸಿದ ಆದೇಶ ಎಷ್ಟು ವಾದ, ಎಷ್ಟು ವ್ಯಾಜ್ಯ ಕಂಡಿದೆ! ಪ್ರಾಣಿಗಾಗಿ ಒಂಬತ್ತು ಗಂಟೆ ದಾರಿ ಬಿಡುವುದೇ ನಮಗಿಷ್ಟು ಕಷ್ಟ.

ಹಳೆಯ ಹೆಸರನ್ನು ಹೊಸ ತಲೆಮಾರು ಗೌರವದಿಂದ ಹೊರಲು ಸಾಧ್ಯವೇ ಇಲ್ಲವೆ? ಸಾಧ್ಯ ಎಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆ ಇದೆ. ಚಾಮರಾಜನಗರಕ್ಕೆ ಸಮೀಪದ ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ ‘ಗಂಧದ ಗುಡಿ’ ತೆರೆಕಂಡದ್ದು 1973ರಲ್ಲಿ. ಹುಲಿ ಯೋಜನೆ ಆರಂಭವಾಗಿ, ಬಂಡೀಪುರವು ಅದರ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದಾಗಿ ಸೇರಿದ ಕಾಲವೂ ಅದೇ. ತೊಂಬತ್ತರ ದಶಕದಲ್ಲಿ ಶಿವರಾಜ್‌ಕುಮಾರ್ ಅಭಿನಯದಲ್ಲಿ ಅದರ ಎರಡನೆಯ ಭಾಗ ಬಂದಿತು. 2022ರ ಅಕ್ಟೋಬರಿನಲ್ಲಿ, ಪುನೀತ್ ರಾಜ್‌ಕುಮಾರ್ ಅಗಲಿ ವರ್ಷ ತುಂಬುವ ಹೊತ್ತಿಗೆ, ಅದೇ ಹೆಸರಿನ ಮೂರನೆಯ ಚಿತ್ರ ಬಿಡುಗಡೆಯಾಯಿತು. ಅಮೋಘವರ್ಷ ಅವರ ನಿರ್ದೇಶನದ ಈ ಚಿತ್ರ ಹಳೆಯ ಕಥೆಯನ್ನು ಮುಂದುವರಿಸಲಿಲ್ಲ, ಖಳನಾಯಕನನ್ನು ತರಲಿಲ್ಲ, ಹೊಡೆದಾಟವನ್ನೂ ತರಲಿಲ್ಲ. ಮೆರೆಯಬಹುದಾಗಿದ್ದ ನಾಯಕನಟನೊಬ್ಬ ವೇಷವಿಲ್ಲದೆ, ತಾನು ತಾನಾಗಿಯೇ ಕಾಡಿನೊಳಗೆ ನಡೆದು, ನಿಂತು, ನೋಡಿದ. ತಂದೆಯ ಚಿತ್ರದಿಂದ ಅವರು ಪಡೆದದ್ದು ಕಥೆಯನ್ನಲ್ಲ, ಕಾಡಿನ ಮುಂದೆ ನಿಲ್ಲುವ ವಿನಯವನ್ನು. ಮುಂದುವರಿದ ಭಾಗವೊಂದು ಮುಂದುವರಿಸಬೇಕಾದದ್ದು ಅದನ್ನೇ.

ಇದು ಬರಿಯ ಸಿನಿಮಾದ ಮಾತಾಗಿದ್ದರೆ ನಿಮ್ಮ ಸಮಯವನ್ನು ಇಷ್ಟು ತೆಗೆದುಕೊಳ್ಳುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಪ್ರವಾಸಿಗರೊಬ್ಬರು ಕಾಡಾನೆಯ ಸಮೀಪಕ್ಕೆ ಹೋಗಿ ಸೆಲ್ಫಿ ತೆಗೆದುಕೊಳ್ಳಲು ಯತ್ನಿಸಿದರು. ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಪುಣ್ಯಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ ಅವರಿಗೆ 25,000 ರೂಪಾಯಿ ದಂಡ ವಿಧಿಸಿತು. ಯಾವುದೋ ಸಿನಿಮಾ ನೋಡಿ ಅವರು ಹೀಗೆ ಮಾಡಿದರೆಂದು ನಾನು ಹೇಳಲಾರೆ. ಆದರೆ ಪ್ರಾಣಿ ಇರುವುದು ನಮ್ಮ ರಂಜನೆಗಾಗಿ ಎಂಬ ಭಾವನೆ ತೆರೆಯ ಮೇಲೂ ರಸ್ತೆಯ ಮೇಲೂ ಒಂದೇ ಬಗೆಯದು. ಭಯ ಎಂದರೆ ಹೇಡಿತನವಲ್ಲ. ನಮಗಿಂತ ಬೇರೆಯಾದ ಜೀವವೊಂದು ನಮ್ಮ ಅಪ್ಪಣೆಗೆ ಕಾಯದೆ ಬದುಕಿದೆ ಎಂಬ ಅರಿವು ಅದು. ಆ ಅರಿವು ಹೋದ ಕಡೆ ಪ್ರೀತಿಯೂ ಬಹಳ ದಿನ ನಿಲ್ಲುವುದಿಲ್ಲ.

ಆದ್ದರಿಂದ ಒಂದು ವಿನಂತಿ. ಎಂಟನೆಯ ಭಾಗ ಬಂದರೆ ಮಕ್ಕಳು ನೋಡಲಿ, ಬೇಡವೆನ್ನಬೇಡಿ. ಆದರೆ ಅದಕ್ಕೆ ಮುನ್ನ ಒಂದು ಸಂಜೆ ದೀಪವಾರಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲನೆಯದನ್ನು ತೋರಿಸಿ. ನೀರು ನಡುಗುವಾಗ ಏನೂ ವಿವರಿಸಬೇಡಿ. ರಜೆ ಬಂದಾಗ ಅವರನ್ನು ಊಟಿಯ ಬಸ್ಸಿನ ಕಿಟಕಿಯ ಪಕ್ಕ ಕೂರಿಸಿ. ಆನೆ ಕಾಣದೆ ಹೋದರೆ ಅವರು ಖಂಡಿತ ಕೇಳುತ್ತಾರೆ, “ಇವತ್ತು ಯಾಕೆ ಬರಲಿಲ್ಲ?” ಎಂದು. ಅದು ತನ್ನ ಕೆಲಸದ ಮೇಲೆ ತಾನು ಹೋಗಿದೆ ಎಂದು ಹೇಳಿ.