ಪಲೆಂಕೆಯ ಗೋಡೆಗಳ ಮುಂದೆ

ಕಾಡಿನ ನಡುವೆ ಎದ್ದ ಪಿರಮಿಡ್ಡು, ಅದರೆದುರು ಒಂದು ಫೋಟೋ. ಮಾಯಾ ನಗರದಿಂದ ಇಷ್ಟೇ ಬೇಕೆನ್ನುವವರು ಗ್ವಾಟೆಮಾಲಾದ ಟಿಕಾಲ್‌ಗೆ ಹೋಗಲಿ. ಎತ್ತರದಲ್ಲಿ ಅದರದೇ ಮೇಲುಗೈ. ಮೆಕ್ಸಿಕೋದ ಚಿಯಾಪಾಸ್ ರಾಜ್ಯದಲ್ಲಿರುವ ಪಲೆಂಕೆಯ ಸೊಗಸೆಲ್ಲ ಗೋಡೆಗಳಲ್ಲಿದೆ. ಅಲ್ಲಿ ನಡೆದಾಡುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಬೇಕು.

ಮೊದಲು ಬಣ್ಣ. ಈಗ ಬೂದು ಹಿಡಿದಿರುವ ಈ ಕಟ್ಟಡಗಳು ಒಂದು ಕಾಲಕ್ಕೆ ಗಾರೆ ಮೆತ್ತಿಸಿಕೊಂಡು ಕೆಂಪಗೆ ಹೊಳೆಯುತ್ತಿದ್ದವು. ಗಾರೆಶಿಲ್ಪಗಳ ಸಂದುಗಳಲ್ಲಿ ಅಲ್ಲಲ್ಲಿ ಬಣ್ಣ ಉಳಿದಿದೆ, ಹುಡುಕಿ ನೋಡಿ.

ಆಮೇಲೆ ತಲೆ ಎತ್ತಿ. ಎದುರುಬದುರು ಗೋಡೆಗಳ ಕಲ್ಲನ್ನು ವರಸೆವರಸೆಯಾಗಿ ಒಳಕ್ಕೆ ಚಾಚುತ್ತ ಹೋಗಿ, ನೆತ್ತಿಯಲ್ಲಿ ಚಪ್ಪಡಿ ಮುಚ್ಚುವುದು ಮಾಯಾ ಪದ್ಧತಿ. ಹೀಗೆ ಕಟ್ಟಿದ ಕೋಣೆ ಸಾಮಾನ್ಯವಾಗಿ ಇಕ್ಕಟ್ಟು, ಕತ್ತಲು. ಪಲೆಂಕೆಯವರು ಇಂಥ ಎರಡು ಕಮಾನುಗಳನ್ನು ಜೋಡಿಯಾಗಿ ನಿಲ್ಲಿಸಿ, ಹೊರಮಾಡನ್ನು ಇಳಿಜಾರು ಮಾಡಿ, ಮೇಲಿನ ಜಾಲಂದ್ರದ ಶಿಖರದ ಭಾರವನ್ನು ನಡುಗೋಡೆಗೆ ವಹಿಸಿದರು. ಬಾಗಿಲು ಅಗಲವಾಯಿತು, ಒಳಗೆ ಬೆಳಕು ಬಂತು. ಶಿಲುಬೆ ದೇಗುಲದ ಮುಂಭಾಗ ಕುಸಿದುಬಿದ್ದಿರುವುದರಿಂದ ಈ ಒಳಗುಟ್ಟು ಹೊರಗಿನಿಂದಲೇ ಕಾಣುತ್ತದೆ.

ಇನ್ನು ಲಿಪಿ. ಹೆದರಬೇಡಿ, ಎರಡು ವಿಷಯ ಗೊತ್ತಿದ್ದರೆ ಆರಂಭಕ್ಕೆ ಸಾಕು. ಚೌಕಗಳನ್ನು ಎರಡೆರಡು ಸಾಲಿನ ಜೋಡಿಯಾಗಿ ಓದಬೇಕು: ಎಡ, ಬಲ, ಕೆಳಗಿಳಿದು ಮತ್ತೆ ಎಡ, ಬಲ. ಅಡ್ಡಗೆರೆಗೆ ಬೆಲೆ 5, ಚುಕ್ಕೆಗೆ 1. ಎರಡು ಗೆರೆ, ಮೂರು ಚುಕ್ಕೆ ಕಂಡರೆ 13. ಕೆಲವೆಡೆ ಸಂಖ್ಯೆಯ ಬದಲು ದೇವರ ಮುಖವೇ ಇರುತ್ತದೆ. ಅದನ್ನು ಸದ್ಯಕ್ಕೆ ಬಿಟ್ಟುಬಿಡಿ. ಈ ಬರಹದಲ್ಲಿ ಬರೀ ಪಂಚಾಂಗವಿದೆ ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಇದರಲ್ಲಿರುವುದು ರಾಜರ ಹುಟ್ಟು, ಪಟ್ಟ, ಸಾವು ಎಂದು 1960ರಲ್ಲಿ ತೋರಿಸಿದವರು ತಾತಿಯಾನಾ ಪ್ರೊಸ್ಕೌರಿಯಾಕಾಫ್. 1973ರಲ್ಲಿ ಪಲೆಂಕೆಯಲ್ಲೇ ಸೇರಿದ ಗೋಷ್ಠಿಯೊಂದರಲ್ಲಿ ಲಿಂಡಾ ಶೀಲ್, ಪೀಟರ್ ಮ್ಯಾಥ್ಯೂಸ್, ಫ್ಲಾಯ್ಡ್ ಲೌನ್ಸ್‌ಬರಿ ಕೂತು ಒಂದೇ ಮಧ್ಯಾಹ್ನದಲ್ಲಿ ಇಲ್ಲಿನ ಅರಸರ ಸಾಲನ್ನು ಜೋಡಿಸಿದರು. ಆ ಲಿಪಿಯ ಭಾಷೆಗೆ ಹತ್ತಿರದ ಚೋಲ್ ನುಡಿ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು. ಮಾಯಾ ಜನ ಅಳಿದೇಹೋದರು ಎನ್ನುವ ಗೈಡಿಗೆ ಇದನ್ನು ನೆನಪಿಸಬಹುದು.

ಆ ಸಾಲಿನ ದೊಡ್ಡ ಹೆಸರು ಪಕಾಲ್. 615ರಲ್ಲಿ, ಹನ್ನೆರಡರ ಹುಡುಗ, ಪಟ್ಟವೇರಿದ. ಅರಮನೆಯ ಅಂಡಾಕಾರದ ಫಲಕದಲ್ಲಿ ಅವನಿಗೆ ಕಿರೀಟ ನೀಡುತ್ತಿರುವವಳು ತಾಯಿ ಸಾಕ್ ಕುಕ್. ಇಡೀ ಊರಿನಲ್ಲಿ ನನಗೆ ಅತಿ ಪ್ರಿಯವಾದ ಶಿಲ್ಪ ಇದು, ಆಡಂಬರವೇ ಇಲ್ಲ. ಅವನು ತೀರಿದ್ದು 683ರಲ್ಲಿ. ಶಾಸನ ದೇಗುಲದ ನೆಲದ ಹಾಸುಗಲ್ಲೊಂದರಲ್ಲಿ ಸಾಲಾಗಿ ಕೊರೆದ ತೂತುಗಳನ್ನು ಕಂಡು ಅನುಮಾನಗೊಂಡ ಆಲ್ಬರ್ಟೋ ರೂಸ್, ಕೆಳಗೆ ಮಣ್ಣುಕಲ್ಲು ತುಂಬಿದ್ದ ಮೆಟ್ಟಿಲುಗಳನ್ನು ವರ್ಷಗಟ್ಟಲೆ ತೆರವು ಮಾಡಿಸಿ, 1952ರಲ್ಲಿ ಅವನ ಸಮಾಧಿಯನ್ನು ತಲುಪಿದರು.

ಸಮಾಧಿಪೆಟ್ಟಿಗೆಯ ಮುಚ್ಚಳದ ಚಿತ್ರವನ್ನು ಅಡ್ಡಲಾಗಿ ಹಿಡಿದರೆ ಯಂತ್ರ ನಡೆಸುತ್ತಿರುವ ಮನುಷ್ಯನಂತೆ ಕಾಣುತ್ತದೆ. ಎರಿಕ್ ಫಾನ್ ಡೆನಿಕೆನ್ 1968ರಲ್ಲಿ ಅದನ್ನು ಗಗನಯಾತ್ರಿ ಎಂದರು. ಪುಸ್ತಕ ಚೆನ್ನಾಗಿ ಮಾರಾಟವೂ ಆಯಿತು. ಚಿತ್ರವನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೆಳಗೆ ಪಾತಾಳದ ಎಲುಬಿನ ದವಡೆ, ಅದರ ಬಾಯಲ್ಲಿ ಒರಗಿದ ಪಕಾಲ್, ಅವನ ಮೇಲೆ ಶಿಲುಬೆಯಾಕಾರದ ವಿಶ್ವವೃಕ್ಷ, ತುದಿಯಲ್ಲಿ ಹಕ್ಕಿ. ಪೆಟ್ಟಿಗೆಯ ಪಕ್ಕಗಳಲ್ಲಿ ಹಿರಿಯರು ಹಣ್ಣಿನ ಗಿಡಗಳ ಜೊತೆ ನೆಲದಿಂದ ಮೊಳೆಯುತ್ತಿದ್ದಾರೆ. ತಾಯಿಯ ಪಾಲಿಗೆ ಬಂದದ್ದು ಕೋಕೋ ಗಿಡ.

ಆ ದೇಗುಲ ಹತ್ತಲು, ಸಮಾಧಿಗೆ ಇಳಿಯಲು ಈಗ ಪ್ರವಾಸಿಗರಿಗೆ ಬಿಡುವುದಿಲ್ಲ. ಪೆಟ್ಟಿಗೆಯ ಪ್ರತಿಕೃತಿ ಸ್ಥಳದ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡಿಕೊಂಡೇ ಮನೆಗೆ ಹೊರಡಿ. ಬಯಲಿನ ಸುತ್ತಾಟವನ್ನು ಬೆಳಿಗ್ಗೆಯೇ ಮುಗಿಸಿದರೆ ಸೆಕೆಯ ಹೊತ್ತಿಗೆ ನೆರಳು ಸಿಗುತ್ತದೆ. ಸೋಮವಾರ ಮಾತ್ರ ಬೇಡ, ಮ್ಯೂಸಿಯಮ್ಮಿಗೆ ಸಾಮಾನ್ಯವಾಗಿ ರಜೆ.